ಪೆನ್ಸಿಲ್ಲಿನ ಬಿಸಿಲು

ಪಂಪಾಪತಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಅವಳ ಫೋಟೋ ಪೇಪರಿನಲ್ಲಿ ಬಂದ ದಿನವಲ್ಲ. ಊರವರು ಹಾಗೆಂದುಕೊಂಡಿದ್ದರು, ಅಷ್ಟೇ. ಅದಕ್ಕೂ ಎಷ್ಟೋ ಮೊದಲು, ದ್ರಾಕ್ಷಾಯಣಿ ಹವಾಮಾನ ಕಚೇರಿಗೆ ಅವನ ಕೈಕೆಳಗೆ ಹೊಸದಾಗಿ ಸೇರಿದ್ದಾಗ, ಅವನು ಒಂದು ವಾರ ಹೇಳಿಕೊಟ್ಟ ಮಳೆ ಅಳೆಯುವ ಕೆಲಸವನ್ನು ಎರಡನೇ ವಾರ ಅವನಿಗಿಂತ ಚೆನ್ನಾಗಿ ಮಾಡಿ, "ಹಿಂಗಲ್ಲೇನ್ರಿ ಸರ್?" ಎಂದು ಕೇಳಿದ್ದಳಲ್ಲ, ಆವತ್ತೇ ಕಿಡಿ ಬಿದ್ದಿತ್ತು. ಅದರ ಮೇಲೆ ಪ್ರೀತಿ ಬಂತು, ಮದುವೆಯಾಯಿತು, ಇಪ್ಪತ್ತು ವರ್ಷದ ಸಂಸಾರವೂ ಆಯಿತು. ಕಿಡಿ ಮಾತ್ರ ಆರಲಿಲ್ಲ. ಅವಳು ಕೆಲಸದ ಜೊತೆಗೇ ಓದಿ ಡಾಕ್ಟರೇಟ್ ಪಡೆದಳು, ಅವನಿದ್ದ ಕಚೇರಿಗೇ ಮುಖ್ಯಸ್ಥೆಯಾಗಿ ಬಂದಳು. ಅವನು ಮೊದಲು ಕೂತಿದ್ದ ಕುರ್ಚಿಯಲ್ಲೇ ಕೂತಿದ್ದ.

ಕೆಂಗಲ್ಲಾಪುರ ಬಳ್ಳಾರಿ ಸೀಮೆಯ ಊರು. ೨೦೪೬ರ ಹೊತ್ತಿಗೆ ಅದರ ಸುತ್ತ ಮೂವತ್ತೊಂದು ಸ್ಪಾಂಜ್ ಕಬ್ಬಿಣದ ಫ್ಯಾಕ್ಟರಿಗಳು ಬಿಡುವಿಲ್ಲದೆ ಕಲ್ಲಿದ್ದಲು ಸುಡುತ್ತಿದ್ದವು. ಊರಿನ ಮೇಲೆ ಆಕಾಶ ಅನ್ನುವುದು ಇರಲಿಲ್ಲ, ಅಕ್ಕಿ ತೊಳೆದ ನೀರಿನಂಥದ್ದೇನೋ ಇತ್ತು. ಬೆಳಗಿನ ಹತ್ತರವರೆಗೂ ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಹುದಿತ್ತು. ಜನ ಅದಕ್ಕೆ ಬೂದಿಬಿಸಿಲು ಎಂದು ಹೆಸರಿಟ್ಟು ಬದುಕು ಹೊಂದಿಸಿಕೊಂಡಿದ್ದರು. ಹಪ್ಪಳ ಎರಡು ದಿನದ ಬದಲು ಆರು ದಿನ ಒಣಗುತ್ತಿತ್ತು. ಕೂಸುಗಳ ಎಲುಬು ಗಟ್ಟಿಯಾಗಲೆಂದು ಅಂಗನವಾಡಿಯಲ್ಲಿ ವಾರಕ್ಕೊಂದು ಮಾತ್ರೆ ಕೊಡುತ್ತಿದ್ದರು. ಮದುವೆಯ ಫೋಟೋಗಳಲ್ಲಿ ಆಕಾಶಕ್ಕೆ ನೀಲಿ ಬಳಿಯುವುದು ಸ್ಟುಡಿಯೋದವರಿಗೆ ಒಂದು ಕೆಲಸವೇ ಆಗಿತ್ತು. ಇಪ್ಪತ್ತು ದಾಟದವರು ಯಾರೂ ಅಂಚು ಸರಿಯಾಗಿರುವ ನೆರಳನ್ನು ಕಂಡಿರಲಿಲ್ಲ. ಮಟಮಟ ಮಧ್ಯಾಹ್ನ ಮಾಳಿಗೆ ಹತ್ತಿ ಕೆಲಸ ಮಾಡುವುದು ರೂಢಿಯಾಗಿಹೋಗಿತ್ತು. ಯಾಕೆಂದರೆ ಆ ಊರಲ್ಲಿ ಮಧ್ಯಾಹ್ನವನ್ನು ಕಂಡರೆ ಹೆದರಬೇಕೆಂಬುದೇ ಜನರಿಗೆ ಮರೆತಿತ್ತು.

ಮಳೆಗಾಲದಲ್ಲಿ ಮೋಡ ಬರುತ್ತಿತ್ತು, ಕವಿಯುತ್ತಿತ್ತು, ಹನಿ ಉದುರಿಸದೆ ಮುಂದಕ್ಕೆ ಹೋಗುತ್ತಿತ್ತು. ಹೀಗೇಕೆ ಎಂದು ಪಂಪಾಪತಿಯ ತಾಯಿ ಹುಲಿಗೆಮ್ಮ ಒಮ್ಮೆ ಸೊಸೆಯನ್ನು ಕೇಳಿದಾಗ, ದ್ರಾಕ್ಷಾಯಣಿ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು.

"ಒಂದು ಚರಿಗಿ ನೀರು ಹತ್ತು ಮಂದಿಗೆ ಕೊಟ್ರ ಒಬ್ಬೊಬ್ರಿಗೆ ಒಂದು ಗುಟುಕಾರ ಸಿಗತೈತಿ ಅತ್ತಿ. ಸಾವಿರ ಮಂದಿಗೆ ಹಂಚಿದ್ರ ತುಟಿ ಹಸಿ ಆಗಂಗಿಲ್ಲ. ಮೋಡದಾಗೂ ಹಂಗ. ಹನಿ ಕಟ್ಟಾಕ ಒಂದೊಂದು ಧೂಳಿನ ಕಣ ಬೇಕು. ಕಣ ವಿಪರೀತ ಆದ್ರ ನೀರು ಹಂಚಿಹೋಗಿ ಹನಿ ಸಣ್ಣಾಗತಾವು, ಬೀಳೋವಷ್ಟು ಭಾರ ಬರಂಗಿಲ್ಲ. ಮತ್ತ ಈ ಕರಿಮಸಿ ಬಿಸಿಲನ್ನ ಮ್ಯಾಲೇ ಕುಡಿದುಬಿಡತೈತಿ, ನೆಲಕ್ಕ ಕೊಡಂಗಿಲ್ಲ. ನೆಲ ಕಾಯದಿದ್ರ ಗಾಳಿ ಮ್ಯಾಲೆ ಏಳಂಗಿಲ್ಲ, ಮೋಡ ಬೆಳೆಯಂಗಿಲ್ಲ."

"ಹಂಗಾರ ಆ ಧೂಳು ತೆಗದ್ರ ಬಿಸಿಲೂ ಬರತೈತಿ, ಮಳೀನೂ ಬರತೈತಿ ಅನ್ನು."

"ಹೌದತ್ತಿ. ಅದಕ್ಕ ಒದ್ದಾಡಾಕತ್ತೀನಿ."

ಒದ್ದಾಡಿ ಒದ್ದಾಡಿ ಅವಳು ಕಂಡುಹಿಡಿದ ಯಂತ್ರಕ್ಕೆ ಊರವರು ಇಟ್ಟ ಹೆಸರು ಜರಡಿ. ಊರ ಸುತ್ತ ನಲವತ್ತು ಬಲೂನುಗಳು, ನೆಲದಿಂದ ಒಂದು ಕಿಲೋಮೀಟರ್ ಮೇಲೆ. ಪ್ರತಿ ಬಲೂನಿನಿಂದಲೂ ವಿದ್ಯುತ್ ತುಂಬಿದ ನೀರಿನ ಮಂಜು ಹೊರಗೆ ಚಿಮ್ಮುತ್ತದೆ. ಗಾಳಿಯಲ್ಲಿ ತೇಲುವ ಮಸಿಯ ಕಣಗಳು ಆ ಮಂಜಿಗೆ ಅಂಟಿ, ಒಂದಕ್ಕೊಂದು ಕೂಡಿ, ಭಾರವಾಗಿ ಕೆಳಗೆ ಬೀಳುತ್ತವೆ. ಮಂಜು ಚಿಮ್ಮುತ್ತಿರುವಷ್ಟು ಹೊತ್ತು ಊರಿನ ಮೇಲೆ ಸ್ವಚ್ಛ ಆಕಾಶ. ನಿಲ್ಲಿಸಿದರೆ ಎರಡು ಗಂಟೆಯೊಳಗೆ ಸುತ್ತಲಿನ ಹೊಲಸು ಗಾಳಿ ನುಗ್ಗಿ ತುಂಬಿಕೊಳ್ಳುತ್ತದೆ. ಇಷ್ಟೇ ಯಂತ್ರ. ಇಷ್ಟಕ್ಕೆ ಹನ್ನೊಂದು ವರ್ಷ ಹಿಡಿದಿತ್ತು.

ಅವಳ ಫೋಟೋ ಬಂದ ಪೇಪರಿನಲ್ಲಿ ಪಂಪಾಪತಿಯೂ ಇದ್ದ. ಕೊನೆಯ ಸಾಲಿನಲ್ಲಿ, 'ಇವರ ಪತಿಯೂ ಅದೇ ಕಚೇರಿಯ ನೌಕರರು' ಎಂದಿತ್ತು. ಹೆಸರಿರಲಿಲ್ಲ. ಹುಲಿಗೆಮ್ಮ ಆ ಪೇಪರನ್ನು ಓಣಿಗೆಲ್ಲ ತೋರಿಸಿ, "ನಮ್ಮ ಸೊಸಿ ಮುಗಿಲು ತೊಳಿತಾಳವ್ವಾ" ಎಂದು ಹೇಳಿಕೊಂಡು ಬಂದಳು. ಹೆತ್ತ ತಾಯಿ! ಮಗ ಇಪ್ಪತ್ತಾರು ವರ್ಷದಿಂದ ಅದೇ ಮುಗಿಲನ್ನು ಅಳೆಯುತ್ತಿದ್ದಾನೆ ಅನ್ನುವುದು ಅವಳಿಗೆ ನೆನಪಾಗಲಿಲ್ಲ. ಅವತ್ತು ಪಂಪಾಪತಿ ಊಟದ ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಅವನ ಕೆಲಸ ಬಿಸಿಲು ಅಳೆಯುವುದು. ಕಚೇರಿಯ ಮಾಳಿಗೆಯ ಮೇಲೆ ಸುಲಿದ ತೆಂಗಿನಕಾಯಿ ಗಾತ್ರದ ಗಾಜಿನ ಗುಂಡೊಂದಿತ್ತು. ಅದರ ಹಿಂದೆ ನೀಲಿ ರಟ್ಟಿನ ಪಟ್ಟಿ. ಬಿಸಿಲು ಬಿದ್ದರೆ ಗುಂಡು ಅದನ್ನು ಒಂದೇ ಬಿಂದುವಿಗೆ ಕೂಡಿಸಿ ಪಟ್ಟಿಯನ್ನು ಸುಡುತ್ತದೆ. ಸೂರ್ಯ ಸಾಗಿದಂತೆ ಸುಟ್ಟ ಗೆರೆಯೂ ಸಾಗುತ್ತದೆ. ಸಂಜೆ ಪಟ್ಟಿ ತೆಗೆದು, ಗೆರೆ ಎಷ್ಟು ಉದ್ದವಿದೆಯೆಂದು ಅಳೆದು, ಇವತ್ತು ಇಷ್ಟು ಗಂಟೆ ಬಿಸಿಲಿತ್ತೆಂದು ರಿಜಿಸ್ಟರಿನಲ್ಲಿ ಬರೆದು, ಪಟ್ಟಿಯನ್ನು ಟ್ರಂಕಿನಲ್ಲಿ ಹಾಕಿಡಬೇಕು. ಎಲ್ಲ ಊರಲ್ಲೂ ಎಲೆಕ್ಟ್ರಾನಿಕ್ ಉಪಕರಣ ಬಂದ ಮೇಲೂ ಇಲ್ಲಿ ಗಾಜಿನ ಗುಂಡು ಉಳಿದದ್ದು ಪಂಪಾಪತಿಯ ಹಟದಿಂದ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ, ತನ್ನ ಮದುವೆಯ ಸಂಜೆಯನ್ನೂ.

ಆ ರಿಜಿಸ್ಟರಿನಲ್ಲಿ ಒಂದು ತಪ್ಪಿತ್ತು. ಬಿಸಿಲು ಕಡಿಮೆಯಾದದ್ದಕ್ಕೆ ಕಾರಣ ಬರೆಯಲು ಅದರಲ್ಲಿ ಇದ್ದದ್ದು ಒಂದೇ ಕಾಲಂ: ಮೋಡ. ಪಂಪಾಪತಿಗೆ ಕೆಲಸ ಕಲಿಸಿದ ಶೇಷಗಿರಿರಾಯರು ಹಳೇ ಕಾಲದವರು. "ಮೋಡ ಇಲ್ಲ, ಆದ್ರೂ ಗೆರೆ ಬಿದ್ದಿಲ್ಲ ಅಂದ್ರೆ ರಟ್ಟು ಹಸಿ ಆಗಿದೆ ಅಂತ ತಿಳ್ಕೋಬೇಕಪ್ಪ. ಸೂರ್ಯ ಕಣ್ಣಿಗೆ ಕಂಡ ಮೇಲೆ ಅದು ಬಿಸಿಲೇ. ಪಟ್ಟಿ ಮೇಲೆ ಪೆನ್ಸಿಲ್ಲಲ್ಲಿ ಗೆರೆ ತುಂಬಿಬಿಡು" ಎಂದು ಹೇಳಿಕೊಟ್ಟಿದ್ದರು. ಅವರ ಕಾಲಕ್ಕೆ ಅದು ಸರಿಯಿತ್ತು. ಫ್ಯಾಕ್ಟರಿಗಳು ಹೆಚ್ಚಾದ ಹಾಗೆ ಮೋಡವಿಲ್ಲದೆಯೂ ಗೆರೆ ಬೀಳದ ಬೆಳಗುಗಳು ಹೆಚ್ಚಾದವು. ಪಂಪಾಪತಿ ಗುರುವಿನ ಮಾತಿನಂತೆ ತುಂಬುತ್ತಲೇ ಹೋದ. ಮೊದಲು ವಾರಕ್ಕೆ ಒಂದು ಗಂಟೆ, ಆಮೇಲೆ ದಿನಕ್ಕೆ ಎರಡು ಗಂಟೆ. ರಾಯರ ಶಿಷ್ಯರಲ್ಲದ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಸುಳ್ಳು ಬರೆಯುತ್ತಿದ್ದೇನೆಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಜರಡಿ ಓಡಿಸುವುದಕ್ಕೆ ನಾಲ್ಕು ತಿಂಗಳ ಮೊದಲು, ಮನೆಯಲ್ಲಿ, ಮುಳಗಾಯಿ ಪಲ್ಯದ ಮುಂದೆ ಕೂತಾಗ.

"ಈಗ ಎಷ್ಟು ಬಿಸಿಲು ಬೀಳತೈತಿ ಅಂತ ನನ್ನ ಉಪಕರಣ ಹೇಳತಾವು" ಎಂದಿದ್ದಳು ದ್ರಾಕ್ಷಾಯಣಿ. "ಜರಡಿ ಹಿಡಿದ ಮ್ಯಾಲೆ ಎಷ್ಟು ಬೀಳತೈತಿ ಅನ್ನೋದ ಪ್ರಶ್ನಿ. ಪುಸ್ತಕದ ಲೆಕ್ಕ ನೋಡಿದ್ರ ಭಾಳ ಬರತೈತಿ. ಆದ್ರ ಇದು ಕೆಮ್ಮಣ್ಣಿನ ಊರು, ಫ್ಯಾಕ್ಟರಿ ಬರೋಕ್ಕಿಂತ ಮೊದಲೂ ಇಲ್ಲಿ ಧೂಳು ಇತ್ತು. ನಿಮ್ಮ ರಿಜಿಸ್ಟರ್ ತೆಗದು ನೋಡಿದೆ. ಇಪ್ಪತ್ತಾರು ವರ್ಷದಾಗ ನಾವು ಕಳಕೊಂಡಿದ್ದು ದಿನಕ್ಕ ಬರೇ ಒಂದು ತಾಸು ಬಿಸಿಲು. ಅಂದ್ರ ಜರಡಿ ಹಿಡಿದ್ರ ಎರಡು ಡಿಗ್ರಿ ಏರಬಹುದು, ಅಷ್ಟ. ಅದನ್ನ ಹಿಡಿದ ಲೆಕ್ಕ ಹಾಕೀನಿ."

ಪಂಪಾಪತಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಒಂದು ತಾಸಲ್ಲ, ಮೂರು ತಾಸು. ಉಳಿದೆರಡು ಪೆನ್ಸಿಲ್ಲಿನದು. ಅವನಿಗೆ ಆ ಕ್ಷಣದಲ್ಲೇ ಎಲ್ಲವೂ ಗೊತ್ತಾಯಿತು. ಈ ಹೊದಿಕೆ ತೆಗೆದರೆ ಏರುವುದು ಎರಡು ಡಿಗ್ರಿಯಲ್ಲ, ಆರು.

"ಯಾಕ, ಉಪ್ಪು ಕಡಿಮಿ ಆಗೈತೇನ್ರಿ?"

"ಇಲ್ಲ. ಛಲೋ ಐತಿ" ಎಂದು ಅವನು ತುತ್ತು ಬಾಯಿಗಿಟ್ಟುಕೊಂಡ.

ಯಾಕೆ ಹೇಳಲಿಲ್ಲ? ಹೇಳಿದರೆ ಅವನದೆಂದು ಇದ್ದ ಒಂದೇ ಒಂದು ವಸ್ತು, ಆ ರಿಜಿಸ್ಟರು, ಕಸದ ಬುಟ್ಟಿಗೆ ಹೋಗುತ್ತಿತ್ತು. ಅದು ಅರ್ಧ ಕಾರಣ. ಉಳಿದರ್ಧವನ್ನು ಹೇಳಿಬಿಡುವುದೇ ಒಳ್ಳೆಯದು: ಅವಳು ಒಂದು ಸಲವಾದರೂ ಎಡವಲಿ ಎಂದು ಅವನಿಗೆ ಆಸೆಯಿತ್ತು. ದೊಡ್ಡದಾಗಿ ಅಲ್ಲ, ಸ್ವಲ್ಪ. ನಾಲ್ಕು ಜನರೆದುರು ಅವಳ ಲೆಕ್ಕ ತಪ್ಪಲಿ, ಅವಳ ಮುಖ ಸಣ್ಣದಾಗಲಿ, ಮನೆಗೆ ಬಂದು ತನ್ನ ಪಕ್ಕ ಕೂರಲಿ. ಇಷ್ಟನ್ನು ಬಯಸುವುದು ಪಾಪವೇನೂ ಅಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಏಪ್ರಿಲ್ ಮೊದಲ ವಾರ ಪರೀಕ್ಷೆಗೆಂದು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಜರಡಿ ಓಡಿಸಿದರು. ಕಂಟ್ರೋಲ್ ರೂಮಿನಲ್ಲಿ ಐದಾರು ಜನ. ಬಲೂನುಗಳನ್ನು ನಡೆಸುವ ಎಂಜಿನಿಯರ್ ಖಾಜಾಹುಸೇನ ಗುಂಡಿ ಒತ್ತಿದ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ, ಊರ ನಡುವೆ ನೆತ್ತಿಯ ಮೇಲೆ, ನೀಲಿ ಕಾಣಿಸಿತು. ಕಾಯಿಪಲ್ಲೆ ಮಾರುವ ಹೆಂಗಸರು ನೆಲದ ಮೇಲೆ ಬಿದ್ದ ತಮ್ಮ ಬೆರಳುಗಳ ನೆರಳನ್ನು ಎಣಿಸಿಕೊಂಡು ನಗುತ್ತಿದ್ದರು. ಒಂದು ನಾಯಿ ತನ್ನ ನೆರಳನ್ನು ಕಂಡು ಬೊಗಳಿ ಬೊಗಳಿ ಸುಸ್ತಾಯಿತು. ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಪಾಪತಿಯೂ ತಟ್ಟಿದ. ಅವನ ಕಣ್ಣಲ್ಲೂ ನೀರು ಬಂತು. ಅದು ಯಾವುದರ ನೀರೆಂದು ಅವನೇ ಹೇಳಲಾರದವನಾಗಿದ್ದ.

ದ್ರಾಕ್ಷಾಯಣಿ ಮಾತ್ರ ತಟ್ಟಲಿಲ್ಲ. ಅವಳು ಉಷ್ಣಾಂಶದ ಅಂಕಿ ನೋಡುತ್ತಿದ್ದಳು.

"ಅರ್ಧ ಡಿಗ್ರಿ ಏರಬೇಕಾಗಿತ್ತು. ಒಂದೂವರಿ ಏರೈತಿ" ಎಂದಳು.

ಅಂದಿನಿಂದ ಹದಿನೈದು ದಿನ ಅವಳು ತನ್ನನ್ನೇ ಬಗೆದಳು. ಉಪಕರಣಗಳನ್ನು ಬಿಚ್ಚಿಸಿದಳು, ಲೆಕ್ಕವನ್ನು ಮೊದಲಿಂದ ಹಾಕಿದಳು, ಊಟ ಅರ್ಧಕ್ಕೆ ಬಿಟ್ಟಳು. ಪಂಪಾಪತಿ ಹೊತ್ತುಹೊತ್ತಿಗೆ ಚಹಾ ಮಾಡಿ ಅವಳ ಮೇಜಿನ ಮೇಲಿಡುತ್ತಿದ್ದ. ಅಷ್ಟು ಸುಖದ ಚಹಾವನ್ನು ಅವನು ಜನ್ಮದಲ್ಲೇ ಮಾಡಿರಲಿಲ್ಲ. ಒಂದು ದಿನ ಅವಳು ಲೋಟ ಹಿಡಿದು ಅವನ ಮುಖ ನೋಡಿದಳು.

"ನಾನು ಹಾಕಿದ ಎಲ್ಲಾ ಅಂಕಿಮ್ಯಾಲೂ ಅನುಮಾನ ಬಂದುಬಿಟ್ಟೈತ್ರಿ. ಗಟ್ಟಿ ಅಂತ ಇರೋದು ನಿಮ್ಮ ರಿಜಿಸ್ಟರ್ ಒಂದ."

ಆ ಮಾತು ಅವನಿಗೆ ಚುಚ್ಚಿತು. ಚುಚ್ಚಿದ್ದಕ್ಕೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ನಂಬುವುದರಲ್ಲೂ ಇವಳೇ ಮುಂದೆ!

ಕೊನೆಗೆ ಅವಳು, ಉಪಕರಣದ ಪೆಟ್ಟಿಗೆಗೆ ಕರಿ ಬಣ್ಣವಿದ್ದುದರಿಂದ ಅದೇ ಕಾದು ಹೆಚ್ಚು ತೋರಿಸಿರಬೇಕು ಎಂಬ ತೀರ್ಮಾನಕ್ಕೆ ಬಂದು ಪೆಟ್ಟಿಗೆಗೆ ಸುಣ್ಣ ಬಳಿಸಿದಳು. ಇಡೀ ದಿನದ ಓಟಕ್ಕೆ ಏಪ್ರಿಲ್ ಇಪ್ಪತ್ತೆಂಟು ಗೊತ್ತಾಯಿತು.

ಊರಿಗೆ ಊರೇ ಸಂಭ್ರಮಿಸಿತು. ಹಿಂದಿನ ಸಂಜೆ ಪಂಪಾಪತಿ ಮನೆಗೆ ಬಂದಾಗ ಪಡಸಾಲೆಯ ತುಂಬ ಓಣಿಯ ಹೆಂಗಸರು. ಉದ್ದಿನ ಹಿಟ್ಟು, ಶಾವಿಗೆ ಮಣೆ, ಚಾಪೆ, ಹಳೇ ಸೀರೆಗಳು.

"ನಾಳೆ ಒಂದ ದಿನದಾಗ ಮುನ್ನೂರು ಹಪ್ಪಳ, ಆರು ಸೇರು ಶಾವಿಗಿ" ಎಂದಳು ಹುಲಿಗೆಮ್ಮ. ಎಪ್ಪತ್ತೆಂಟು ವರ್ಷದ ಮುಖ ಅರಳಿತ್ತು. "ನಮ್ಮ ದ್ರಾಕ್ಷವ್ವನ ಬಿಸಿಲು! ಮಧ್ಯಾಹ್ನದ ಬಿಸಿಲೊಂದೂ ಬಿಡಂಗಿಲ್ಲ. ಎಲ್ಲಾರೂ ಮಾಳಿಗಿ ಮ್ಯಾಲೇ ಕುಂದ್ರತೀವಿ."

"ಮಧ್ಯಾಹ್ನ ಬ್ಯಾಡಬೇ" ಎಂದ ಪಂಪಾಪತಿ, ಬಾಯಿ ತಪ್ಪಿ.

"ಯಾಕ ಬ್ಯಾಡ? ನೀ ಅಂತೂ ಒಂದು ಬೊಗಸಿ ಬಿಸಿಲು ತಂದುಕೊಡಲಿಲ್ಲ. ತಂದಾಕಿಗಾದ್ರೂ ಅಡ್ಡಗಾಲು ಹಾಕಬ್ಯಾಡ."

ಹೆಂಗಸರೆಲ್ಲ ನಕ್ಕರು. ಪಂಪಾಪತಿಯ ನಾಲಿಗೆಯ ತುದಿಗೆ ಬಂದದ್ದು ಒಳಗೆ ಹೋಗಿಬಿಟ್ಟಿತು. ಆಯಿತು, ಕೂತ್ಕೊಳ್ಳಿ, ನಿಮ್ಮ ದ್ರಾಕ್ಷವ್ವನ ಬಿಸಿಲಿನಲ್ಲೇ ಕೂತ್ಕೊಳ್ಳಿ ಎಂದು ಮನಸ್ಸಿನಲ್ಲೇ ಹೇಳಿ ಚಪ್ಪಲಿ ಬಿಚ್ಚಿದ.

ಮರುದಿನ ಆರು ಗಂಟೆಗೆ ಜರಡಿ ಶುರುವಾಯಿತು. ಎಂಟಕ್ಕೆ ಆಕಾಶ ನೀಲಿಯಾಯಿತು, ಒಂಬತ್ತಕ್ಕೆ ಕಡುನೀಲಿಯಾಯಿತು. ಜನ ಬೀದಿಗೆ ಬಂದರು, ಮಾಳಿಗೆಗಳನ್ನು ಹತ್ತಿದರು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಹತ್ತಕ್ಕೆ ಮೂವತ್ತೊಂಬತ್ತು ಡಿಗ್ರಿ. ಅಂದಿನ ಗರಿಷ್ಠವೇ ನಲವತ್ತೆಂದು ದ್ರಾಕ್ಷಾಯಣಿ ಲೆಕ್ಕ ಹಾಕಿದ್ದಳು. ಹತ್ತೂವರೆಗೆ ನಲವತ್ತು ದಾಟಿತು.

"ಮೇಡಂ, ಪೆಟ್ಟಿಗೀಗೆ ಸುಣ್ಣ ಬಳದೀವಿ. ಈ ಸಲ ಅದು ಸುಳ್ಳು ಹೇಳಾಕ ಸಾಧ್ಯ ಇಲ್ಲ" ಎಂದ ಖಾಜಾಹುಸೇನ, ಮೆಲ್ಲಗೆ.

ಹನ್ನೊಂದಕ್ಕೆ ನಲವತ್ತೆರಡು. ದ್ರಾಕ್ಷಾಯಣಿಯ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು. ಮುಖ ಸಣ್ಣದಾಗಿತ್ತು, ಪಂಪಾಪತಿ ನಾಲ್ಕು ತಿಂಗಳಿಂದ ಬಯಸಿದಷ್ಟೇ ಸಣ್ಣದಾಗಿತ್ತು. ಸುತ್ತ ನಿಂತವರು ಅವಳನ್ನು ನೋಡುವ ರೀತಿ ಬದಲಾಗಿತ್ತು. ಇದನ್ನೇ ಅವನು ಬಯಸಿದ್ದು, ಇದೇ ಸಿಕ್ಕಿತ್ತು. ಅದರ ರುಚಿ ನೋಡಲು ಅವನು ಒಂದು ನಿಮಿಷ ನಿಂತ. ಯಾವ ರುಚಿಯೂ ಇರಲಿಲ್ಲ.

ಅವಳು ಎಲ್ಲರನ್ನೂ ಬಿಟ್ಟು ಅವನ ಕಡೆ ತಿರುಗಿದಳು.

"ಹಳೇ ಕಾಲದಾಗ ಏಪ್ರಿಲ್‌ದಾಗ ಇಷ್ಟು ಏರತಿತ್ತೇನ್ರಿ? ಮುಂದ ನಿಲ್ಲತೈತೇನು? ನಿಮಗ ಗೊತ್ತಿರತೈತಿ. ನೀವು ಹೇಳ್ರಿ, ಬಂದ್ ಮಾಡಲ್ಯಾ, ನಡಸಲ್ಯಾ?"

ಪಂಪಾಪತಿ ಅವಳ ಹಿಂದಿನ ಪರದೆಯನ್ನು ನೋಡಿದ. ಕ್ಯಾಮೆರಾ ಊರಿನ ಮಾಳಿಗೆಗಳ ಮೇಲೆ ಹಾಯುತ್ತಿತ್ತು. ಎಲ್ಲೆಲ್ಲೂ ಸೀರೆ ಹಾಸಿತ್ತು, ಎಲ್ಲೆಲ್ಲೂ ಬರಿತಲೆಯ ಜನ. ಅವನ ಓಣಿ ಬಂತು. ಅವನ ಮಾಳಿಗೆ ಬಂತು. ಹೆಂಗಸರ ನಡುವೆ ಹುಲಿಗೆಮ್ಮ ಹಪ್ಪಳ ತಿರುವಿಹಾಕುತ್ತಿದ್ದಳು. ತಿರುವಿ, ತಲೆ ಎತ್ತಿ, ನಿಂತು, ಒಂದು ಕೈಯನ್ನು ಗೋಡೆಗೆಂದು ಚಾಚಿದಳು. ಅಲ್ಲಿ ಗೋಡೆ ಇರಲಿಲ್ಲ. ಅವಳು ಹಪ್ಪಳದ ಮೇಲೆಯೇ ಕುಸಿದಳು.

"ಬಂದ್ ಮಾಡ್ರಿ!" ಪಂಪಾಪತಿ ಕೂಗಿದ. "ಜರಡಿ ಬಂದ್ ಮಾಡ್ರಿ, ಸೈರನ್ ಹಾಕ್ರಿ, ಎಲ್ಲಾರನ್ನೂ ಒಳಗ ಕಳಸ್ರಿ! ನಿಲ್ಲಂಗಿಲ್ಲ ಇದು, ನಲವತ್ನಾಕಕ್ಕ ಹೋಗತೈತಿ. ರಿಜಿಸ್ಟರ್ ತಪ್ಪೈತಿ. ಎರಡು ತಾಸು ಬಿಸಿಲು ಪೆನ್ಸಿಲ್‌ಲೆ ಬರೆದಿದ್ದು, ಅದು ಬಿದ್ದಿದ್ದ ಅಲ್ಲ."

ದ್ರಾಕ್ಷಾಯಣಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಖಾಜಾಹುಸೇನನಿಗೆ ಕೈ ಮಾಡಿದಳು, ಮಂಜು ನಿಂತಿತು. ಮೈಕು ಎಳೆದುಕೊಂಡು ಊರಿಗೆಲ್ಲ ಕೇಳುವಂತೆ ಅವಳೇ ಮಾತಾಡಿದಳು. ಹತ್ತು ನಿಮಿಷದಲ್ಲಿ ಮಾಳಿಗೆಗಳು ಖಾಲಿಯಾದವು. ಒಂದು ಗಂಟೆಯ ಹೊತ್ತಿಗೆ ಊರ ಅಂಚಿನಿಂದ ಬೂದಿಬಣ್ಣ ತೆವಳುತ್ತ ಬಂದು ನೀಲಿಯನ್ನು ಮುಚ್ಚಿತು. ಜೀವಮಾನವಿಡೀ ಶಪಿಸಿದ್ದ ಆ ಹೊಗೆಯನ್ನು ಕಂಡು ಜನ ಅಂದು ಕೈಮುಗಿದರು.

ಆಸ್ಪತ್ರೆಗೆ ಅರವತ್ತಮೂರು ಜನ ಬಂದಿದ್ದರು. ಯಾರೂ ಸಾಯಲಿಲ್ಲ. ಇನ್ನೊಂದೆರಡು ತಾಸು ಕಳೆದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತೆಂದು ಡಾಕ್ಟರು ಹೇಳಿದರು. ಹುಲಿಗೆಮ್ಮ ಸಲೈನ್ ಹಾಕಿಸಿಕೊಂಡು ಮಲಗಿದ್ದಳು. ಎಚ್ಚರವಾದೊಡನೆ ಹಪ್ಪಳ ಯಾರು ತೆಗೆದಿಟ್ಟರೆಂದು ಕೇಳಿದ್ದಳಂತೆ.

ಮೊದಲನೇ ಮಹಡಿಯ ವರಾಂಡದ ಬೆಂಚಿನ ಮೇಲೆ ಪಂಪಾಪತಿ ಕೂತಿದ್ದ. ದ್ರಾಕ್ಷಾಯಣಿ ಬಂದು ಪಕ್ಕದಲ್ಲಿ ಕೂತಳು. ಬಹಳ ದಿನದ ಮೇಲೆ ಅವಳ ಭುಜ ಅವನ ಭುಜಕ್ಕೆ ತಾಗಿತು.

"ಪೇಪರಿನವರು ಕೆಳಗ ಬಂದಾರ" ಎಂದಳು. "ನಿಮ್ಮನ್ನ ಕೇಳಾಕತ್ತಾರ. ಇಪ್ಪತ್ತಾರು ವರ್ಷದ ದಾಖಲೆ ತಮ್ಮದ ಆದ್ರೂ, ಅದರ ತಪ್ಪು ಹೊಳೆದ ಕೂಡ್ಲೆ ಎಲ್ಲಾರ ಮುಂದ ಒಪ್ಪಿಕೊಂಡು ಊರು ಉಳಿಸಿದ್ರು ಅಂತ ನಾನ ಹೇಳೀನಿ. ನಿಮ್ಮ ಫೋಟೋ ಬೇಕಂತ. ಈ ಸಲ ಹೆಸರು ಸರಿಯಾಗಿ ಹಾಕ್ರಿ ಅಂತ ಬರೆಸಿ ಬಂದೀನಿ." ಅವಳು ಕರವಸ್ತ್ರದಿಂದ ಅವನ ಕೊರಳ ಬೆವರು ಒರೆಸಿದಳು. "ಪಟ್ಟಂತ ಹೊಳೀತಲ್ರಿ ನಿಮಗ, ಪುಣ್ಯ. ಅತ್ತಿನ ನೋಡಿದ ಕೂಡ್ಲೆ ಹೊಳೀತೇನು?"

ಹೌದು ಎಂದರೆ ಸಾಕಾಗಿತ್ತು. ಅದು ಯಾವಾಗ ಹೊಳೆಯಿತೆಂದು ಅವನನ್ನು ಬಿಟ್ಟು ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪೆನ್ಸಿಲ್ ಹಿಡಿಸಿದ ಶೇಷಗಿರಿರಾಯರು ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಕೆಳಗೆ ಕ್ಯಾಮೆರಾಗಳು ಕಾಯುತ್ತಿದ್ದವು. ಇಷ್ಟು ವರ್ಷ ಅವನು ಯಾವುದಕ್ಕೆ ಉರಿದು ಬೂದಿಯಾಗಿದ್ದನೋ ಅದನ್ನು ಅವಳೇ ತಂದು ಮಡಿಲಿಗೆ ಹಾಕಿದ್ದಳು. ಅದೂ ಅವಳ ಕೈಯಿಂದಲೇ ಬರಬೇಕಾಯಿತು.

"ನಾಕು ತಿಂಗಳಿಂದ ಗೊತ್ತಿತ್ತು" ಎಂದ.

ಕರವಸ್ತ್ರ ಅವನ ಕೊರಳ ಮೇಲೆಯೇ ನಿಂತಿತು.

"ಮುಳಗಾಯಿ ಪಲ್ಯ ಮಾಡಿದ್ದಿ. ಆವತ್ತು ನೀ ಹೇಳಿದ ಕೂಡ್ಲೆ ಗೊತ್ತಾತು."

"ಮತ್ಯಾಕ?"

"ನೀ ಒಂದ್ಸಲ ಬೀಳಲಿ ಅಂತ."

ದ್ರಾಕ್ಷಾಯಣಿ ಕೈ ಹಿಂದಕ್ಕೆ ತೆಗೆದುಕೊಂಡಳು. ಎದ್ದು, ಮೆಟ್ಟಿಲಿಳಿದು ಹೋದಳು. ಅವನು ಎದ್ದು, ಕೆಳಗಿನ ಅಂಗಳ ಕಾಣುವ ಕಟಕಟೆಯ ಹತ್ತಿರ ನಿಂತ. ಇವಳು ಈಗ ಎಲ್ಲವನ್ನೂ ಹೇಳುತ್ತಾಳೆ, ಹೇಳಲಿ ಎಂದುಕೊಂಡ.

"ಆಗಲೇ ಹೇಳಿದ್ದನ್ನು ಬರೀಬ್ಯಾಡ್ರಿ" ಎಂದಳು ಅವಳು ಪೇಪರಿನವರಿಗೆ. "ದಾಖಲೆಯಲ್ಲಿ ಹಳೇ ತಪ್ಪೊಂದಿತ್ತು. ಮೂಲ ಪಟ್ಟಿಗಳು ನನ್ನ ಕಚೇರಿಯ ಟ್ರಂಕಿನಲ್ಲೇ ಇದ್ದವು. ತೆಗೆದು ನೋಡಿದ್ದರೆ ಒಂದು ದಿನದಲ್ಲಿ ಗೊತ್ತಾಗುತ್ತಿತ್ತು. ನನ್ನವರದು ಅಂತ ನಂಬಿ ನಾನು ನೋಡಲಿಲ್ಲ. ಯೋಜನೆಯ ಮುಖ್ಯಸ್ಥೆ ನಾನು. ಅರವತ್ತಮೂರು ಜನರೂ ನನ್ನ ಹೊಣೆ. ಹಾಗೇ ಬರೀರಿ."

ಕ್ಯಾಮೆರಾಗಳು ಮಿಂಚಿದವು. ಅವಳು ಮುಖ ತಗ್ಗಿಸದೆ ನಿಂತಿದ್ದಳು. ಮೇಲೆ ಪಂಪಾಪತಿ ಕಟಕಟೆಯ ಕಬ್ಬಿಣವನ್ನು ಎರಡೂ ಕೈಯಿಂದ ಹಿಡಿದಿದ್ದ. ಅವನಿಗೆ ನಾಚಿಕೆಯಾಯಿತು, ದುಃಖವಾಯಿತು. ಅವಳು ಇನ್ನು ತನ್ನ ಪಕ್ಕ ಕೂರುವುದಿಲ್ಲ ಎಂಬುದು ಗೊತ್ತಾಯಿತು. ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ಅವು ಯಾವುವೂ ಅಲ್ಲ. ತಾನು ನಾಲ್ಕು ತಿಂಗಳು ಹೇಳಲಾರದೆ ಹೋದದ್ದನ್ನು ಇವಳು, ತನ್ನದಲ್ಲದ ತಪ್ಪಿಗೆ, ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.